ಬೆಣೆಯ ಜಾಗದಲ್ಲಿ ನಿಂಬೆಹಣ್ಣು

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಕಾರಿನ ನಾಲ್ಕು ಚಕ್ರಗಳಿಗೂ ಕೊಟ್ಟಿದ್ದ ಮರದ ಬೆಣೆಗಳನ್ನು ತೆಗೆದರು. ಆ ಹೊತ್ತಿನಲ್ಲಿ ನಾನು ತಾರಸಿಯ ಮೇಲೆ ವಿಂಚ್ ಕೋಣೆಯಲ್ಲಿದ್ದೆ. ಸಮಯ ತಿಳಿದದ್ದು ಆಮೇಲೆ. ಬೆಣೆ ತೆಗೆಸಿದ ಪುರೋಹಿತರು, ರಾಹುಕಾಲಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಆಗತಾನೇ ಗಡಿಯಾರ ನೋಡಿಕೊಂಡಿದ್ದರಂತೆ.

ಅದು 1964ರ ಶ್ರಾವಣ, ಶುಕ್ರವಾರ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ ನಾನು ಯಶವಂತಪುರದ ಒಂದು ಸಣ್ಣ ಕಾರ್ಖಾನೆ ಸೇರಿ ಎರಡನೆಯ ವರ್ಷ. ಗೋದಾಮುಗಳಿಗೆ, ಗಿರಣಿಗಳಿಗೆ ಬೇಕಾದ ವಿಂಚು, ಸಣ್ಣ ಕ್ರೇನು, ಸರಕು ಲಿಫ್ಟು ಅಲ್ಲಿ ತಯಾರಾಗುತ್ತಿದ್ದವು. ನನ್ನ ಹುದ್ದೆ ಇರೆಕ್ಷನ್ ಎಂಜಿನಿಯರ್. ಎಂದರೆ, ತಯಾರಾದ ಯಂತ್ರವನ್ನು ಗಿರಾಕಿಯ ಜಾಗದಲ್ಲಿ ಜೋಡಿಸಿ, ಭಾರ ಹಾಕಿ ಪರೀಕ್ಷಿಸಿ, ಒಪ್ಪಿಸಿ ಬರುವವನು. ನನಗೆ ಮದುವೆಯಾಗಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಮತ್ತಿಕೆರೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ.

ಗಿರಾಕಿಯ ಹೆಸರು ಮುನಿಬೈರಪ್ಪ. ಅಲ್ಲಾಳಸಂದ್ರದ ಹಳೆಯ ಒಕ್ಕಲು ಮನೆತನ. ಬೇಸಾಯ ಬಿಟ್ಟು ಯಶವಂತಪುರದಲ್ಲಿ ನಿವೇಶನ ಕೊಂಡು ಎರಡಂತಸ್ತಿನ ಕಟ್ಟಡ ಕಟ್ಟಿಸಿದ್ದರು. ನೆಲಮಟ್ಟವೆಲ್ಲ ಧಾನ್ಯದ ಗೋದಾಮು. ಮೂಟೆಗಳನ್ನು ಎತ್ತರಕ್ಕೆ ಅಟ್ಟಿ ಹಾಕಲು ಹದಿನಾಲ್ಕು ಅಡಿ ಎತ್ತರದ ಸೂರು. ಅದರ ಮೇಲಿನ ಮಹಡಿಯಲ್ಲಿ ಅಕ್ಕಪಕ್ಕ ಎರಡು ಮನೆಗಳು, ಈಗ ನಾವು ಅಪಾರ್ಟ್‌ಮೆಂಟ್ ಎನ್ನುತ್ತೇವಲ್ಲ ಅಂಥವು. ಒಂದು ಬಾಡಿಗೆಗೆ, ಒಂದು ಸ್ವಂತಕ್ಕೆ.

ಮೊದಲ ಭೇಟಿಯಲ್ಲೇ ನಾನು ಕೇಳಿದ್ದೆ. "ಗೋದಾಮಿಗೆ ಲಿಫ್ಟ್ ಯಾಕೆ ಬೇಕು? ಮೂಟೆಗಳೆಲ್ಲ ಕೆಳಗೇ ಇರುತ್ತವಲ್ಲ?"

"ಮೂಟೆಗಲ್ಲ ಸ್ವಾಮಿ, ಕಾರಿಗೆ. ರಾತ್ರಿ ಅದು ಮನೆ ಒಳಗೆ ಇರ್ಬೇಕು."

"ಮನೆ ಇರೋದು ಮೇಲೆ."

"ಅದಕ್ಕೇ ನಿಮ್ಮನ್ನ ಕರೆಸಿರೋದು. ಮನೆ ಕೆಳಗೆ ಇದ್ದಿದ್ರೆ ನಾನೇ ನೂಕ್ಕೊಂಡು ಓಗ್ತಿರ್ಲಿಲ್ವಾ?"

ತಮಾಷೆ ಅಂದುಕೊಂಡೆ. ಆದರೆ ಅವರು ನಗುತ್ತಿರಲಿಲ್ಲ. ಅಲ್ಲಾಳಸಂದ್ರದ ಮನೆಯಲ್ಲಿ ಎತ್ತುಗಳನ್ನು ಮನೆಯೊಳಗೇ ಕಟ್ಟುತ್ತಿದ್ದರು. ಬಾಗಿಲು ದಾಟಿದರೆ ಒಂದು ಪಕ್ಕಕ್ಕೆ ಕೊಟ್ಟಿಗೆ, ಅದರ ಎದುರು ನಡುಮನೆ. ಮಲಗಿದಲ್ಲಿಂದ ತಲೆಯೆತ್ತಿದರೆ ಎತ್ತಿನ ಮುಖ ಕಾಣಬೇಕು. "ಅವು ಮೆಲುಕು ಆಡ್ಸೋ ಸದ್ದು ಕೇಳದೆ ಇದ್ರೆ ನಮ್ಮಪ್ಪಂಗೆ ನಿದ್ದೆ ಬತ್ತಿರ್ಲಿಲ್ಲ. ದುಡಿಯೋ ಜೀವಾನ ಬಾಗಿಲಾಚೆ ಬಿಟ್ಟು ನಾವು ಒಳಗೆ ಮಲಗೋದು ನಮ್ಮಲ್ಲಿಲ್ಲ" ಎಂದರು ಮುನಿಬೈರಪ್ಪ. ಈಗ ದುಡಿಯುವ ಜೀವ ಒಂದು ಹಳೆಯ ಅಂಬಾಸಡರ್. ಮಹಡಿ ಮನೆಯ ನಡುಮನೆಗೆ ಹೊಂದಿಕೊಂಡಂತೆ ಅದಕ್ಕೆಂದೇ ಕಂಬಗಳ ನಡುವೆ ಒಂದು ಅಂಕಣ ಬಿಡಿಸಿದ್ದರು.

ನಮ್ಮ ಫಿಟ್ಟರ್ ಆರ್ಮುಗಂ ಇದನ್ನು ಕೇಳಿ, "ಸಾರ್, ಎಲ್ಲಾ ಸರಿ. ಮೆಲುಕು ಮಾತ್ರ ಈ ಕಾರ್ ಹಾಕಲ್ಲ, ಎಣ್ಣೆ ಕಕ್ಕುತ್ತೆ" ಎಂದಿದ್ದ.

ನಾವು ಕೊಟ್ಟದ್ದು ಸರಳ ವ್ಯವಸ್ಥೆ. ಕಾರು ನಿಲ್ಲುವಷ್ಟು ದೊಡ್ಡ ಉಕ್ಕಿನ ಹಲಗೆ, ಅದಕ್ಕೆ ಪ್ಲಾಟ್‌ಫಾರ್ಮ್ ಎನ್ನುತ್ತೇವೆ. ತಾರಸಿಯ ಮೇಲೆ ವಿಂಚ್, ಎಂದರೆ ಮೋಟಾರು ತಿರುಗಿಸುವ ದೊಡ್ಡ ಉರುಳೆ. ಉಕ್ಕಿನ ಹಗ್ಗ ಉರುಳೆಗೆ ಸುತ್ತಿಕೊಂಡಂತೆ ಪ್ಲಾಟ್‌ಫಾರ್ಮ್ ಮೇಲೇರುತ್ತದೆ. ಏರಿಳಿಯುವ ದಾರಿ ಶಾಫ್ಟ್. ಅದು ಇಟ್ಟಿಗೆಯ ಬಾವಿಯಂತೆ, ನೀರಿಲ್ಲದ್ದು, ತಲೆಕೆಳಗಾದದ್ದು. ಗೋದಾಮಿನ ಜಾಗ ಕಡಿಮೆಯಾಗಬಾರದೆಂದು ಮುನಿಬೈರಪ್ಪ ಶಾಫ್ಟನ್ನು ಎಷ್ಟು ಕಿರಿದು ಮಾಡಿಸಿದ್ದರೆಂದರೆ, ಒಳಗೆ ಹೋದ ಕಾರಿನ ಬಾಗಿಲು ತೆರೆಯುತ್ತಿರಲಿಲ್ಲ. ಕಾರಿನ ಮುಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಅಲ್ಲೊಂದು ಗಂಟೆಯ ದಾರ. ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಏರಿಸು, ಮೂರು ಸಲ ಇಳಿಸು. ವಿಂಚಿನ ಬಳಿ ಆರ್ಮುಗಂ ಆ ಗಂಟೆ ಕೇಳಿ ನಡೆಸಬೇಕು.

ಕಾರಿನ ಎರಡರಷ್ಟಕ್ಕಿಂತ ಹೆಚ್ಚು ಭಾರದ ಮೂಟೆಗಳನ್ನು ಹೇರಿ ಪರೀಕ್ಷೆ ಮಾಡಿದ್ದೆವು. ಹಗ್ಗ, ಬ್ರೇಕು ಎಲ್ಲ ಸರಿಯಿದ್ದವು. ನಾನು ಮೂರು ನಿಯಮ ಹೇಳಿದ್ದೆ. ಶಾಫ್ಟಿನಲ್ಲಿ ಹೊಗೆ ತುಂಬುವುದರಿಂದ ಎಂಜಿನ್ ಚಾಲೂ ಮಾಡಬಾರದು, ಕಾರನ್ನು ಕೈಯಿಂದ ನೂಕಿ ಒಳಕ್ಕೆ ತರಬೇಕು. ಕಾರಿನಲ್ಲಿ ಯಾರೂ ಕೂರಬಾರದು. ನಾಲ್ಕೂ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಕೊಡದೆ ಗಂಟೆ ಬಾರಿಸಬಾರದು. ಆ ಕಾರಿನ ಕೈಬ್ರೇಕು ಹೆಸರಿಗೆ ಮಾತ್ರ ಇತ್ತು. ಅದನ್ನು ಹಿಡಿದಿಡುವುದು ಬೆಣೆಗಳೇ.

ಗೃಹಪ್ರವೇಶದ ದಿನ ಅಲ್ಲಾಳಸಂದ್ರದಿಂದ ಹಸು, ಕರು ಬಂದವು. ಹೊಸ ಮನೆಗೆ ಮೊದಲು ಹೋಗಬೇಕಾದದ್ದು ಹಸು. ಆದರೆ ಅದು ಮೊದಲ ಮೆಟ್ಟಿಲಿಗೆ ಮುಂಗಾಲಿಟ್ಟು ನಿಂತದ್ದು ನಿಂತೇ ಬಿಟ್ಟಿತು. ಹಿಂದಿನಿಂದ ನೂಕಿದರು, ಬೆಲ್ಲ ತೋರಿಸಿದರು. ಕಡೆಗೆ ಮುನಿಬೈರಪ್ಪ ಕಾರಿನ ಬಾನೆಟ್ ತಟ್ಟಿ, "ನಮ್ಮನೇಲಿ ಈಗ ಹಸು ಎತ್ತು ಎಲ್ಲಾ ಇದೇ ಸ್ವಾಮಿ. ಇದೇ ಮೊದಲು ಒಳಗೆ ಓಗ್ಲಿ" ಎಂದರು. ಪುರೋಹಿತರು ಸ್ವಲ್ಪ ಯೋಚಿಸಿ ಒಪ್ಪಿದರು. ಹಾಗೆ ಒಪ್ಪಿದ ಮೇಲೆ ಹಸುವಿಗೆ ಸಲ್ಲುವ ಮರ್ಯಾದೆಯೆಲ್ಲ ಕಾರಿಗೆ ಸಲ್ಲಬೇಕಾಯಿತು. ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಮಾವಿನ ಸೊಪ್ಪು. ಹೊಸ ಮನೆಗೆ ಬರಿದಾಗಿ ಹೋಗಬಾರದೆಂದು ಬೆಳಿಗ್ಗೆಯೇ ಟ್ಯಾಂಕಿಗೆ ತುಳುಕುವಷ್ಟು ಪೆಟ್ರೋಲ್ ಹಾಕಿಸಿದ್ದರು. ಮೇಲಕ್ಕೆ ಹೋಗುವ ಮುಂಚೆ ಚಕ್ರಗಳ ಅಡಿಗೆ ನಿಂಬೆಹಣ್ಣು ಇಡಬೇಕಲ್ಲ. ಕಾರನ್ನು ಆಗಲೇ ಪ್ಲಾಟ್‌ಫಾರ್ಮಿಗೆ ನೂಕಿ ನಿಲ್ಲಿಸಿದ್ದರಿಂದ ಚಕ್ರದ ಅಡಿಯ ಜಾಗದಲ್ಲಿ ಬೆಣೆಗಳಿದ್ದವು. ಬೆಣೆ ತೆಗೆದು ನಿಂಬೆಹಣ್ಣಿಟ್ಟರು. ಮೇಲೆ ಹೂವಿನ ಹಾರ ಇಳಿಬಿಟ್ಟರು.

ನಾನು ತಾರಸಿಯಿಂದ ಇಳಿದು ಬಂದಾಗ ಚಕ್ರಗಳು ಹೂವಿನಲ್ಲಿ ಮುಚ್ಚಿಹೋಗಿದ್ದವು. ಬಾನೆಟ್ಟಿಗೆ ಎರಡೂ ಕೈ ಕೊಟ್ಟು ಬಲವಾಗಿ ನೂಕಿ ನೋಡಿದೆ. ಕಾರು ಅಲುಗಲಿಲ್ಲ. ಕಾಯಿ ನಿಂಬೆ ಅಷ್ಟರ ಮಟ್ಟಿಗೆ ಅದನ್ನು ತಡೆದಿತ್ತು.

ನನ್ನ ಗಮನವೆಲ್ಲ ಹಿಂದಿನ ಸೀಟಿನ ಮೇಲಿತ್ತು. ಅಲ್ಲಿ ಮುನಿಬೈರಪ್ಪನವರ ತಾಯಿ ದೊಡ್ಡತಾಯಮ್ಮ ಕುಳಿತಿದ್ದರು. ಮಡಿಲಲ್ಲಿ ಅಕ್ಕಿ ತುಂಬಿದ ಮಡಕೆ, ಅಕ್ಕಿಯ ಮೇಲೆ ಉರಿಯುವ ಹಣತೆ. ಹಳೆಯ ಮನೆಯ ದೇವರ ಗೂಡಿನಲ್ಲಿ ಹಚ್ಚಿದ ಆ ದೀಪವನ್ನು ಸೆರಗಿನಿಂದ ಮರೆಮಾಡಿಕೊಂಡು ದಾರಿಯುದ್ದಕ್ಕೂ ಕಾಪಾಡಿ ತಂದಿದ್ದರು. ಹೊಸ ಮನೆ ಸೇರುವವರೆಗೆ ಅದನ್ನು ನೆಲಕ್ಕಿಡುವಂತಿಲ್ಲ.

"ಅಮ್ಮಾ, ಕಾರನ್ನ ಹೊರಕ್ಕೆ ತಳ್ಳಿಸ್ತೀನಿ, ನೀವು ಇಳೀಬೇಕು. ಇದರಲ್ಲಿ ಯಾರೂ ಹೋಗೋ ಹಾಗಿಲ್ಲ" ಎಂದೆ.

"ಮೆಟ್ಲು ಅತ್ತಕ್ಕೆ ನನ್ನ ಮಂಡಿ ಬರಾಕಿಲ್ಲ ಮಗ. ನಿನ್ನ ಮಂಡಿ ಕೊಡ್ತೀಯಾ?"

ಸುತ್ತಲಿದ್ದವರು ನಕ್ಕರು. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದರು. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಎರಡು ಬಾರಿ ವಾದಿಸಿದೆ. ಮುನಿಬೈರಪ್ಪ ಆಗಲೇ ಮೇಲೆ ಹೋಗಿ ಹೊಸಿಲಿನ ಬಳಿ ಕಾಯುತ್ತಿದ್ದರು. ಆ ಮುದುಕಿಯೊಬ್ಬರನ್ನೇ ಬಾವಿಯೊಳಗೆ ಕಳಿಸಲು ಮನಸ್ಸು ಬರಲಿಲ್ಲ. ನಾನೂ ಹತ್ತಿ ಕಾರಿನ ಮುಂದಿನ ಜಾಗದಲ್ಲಿ ಗೋಡೆಗೆ ಬೆನ್ನುಮಾಡಿ ನಿಂತೆ. ದಾರವನ್ನು ಎರಡು ಸಲ ಎಳೆದೆ.

ಪ್ಲಾಟ್‌ಫಾರ್ಮ್ ಆಳೆತ್ತರ ಏರಿತ್ತು. ಎಂಜಿನ್ನಿನ ಭಾರಕ್ಕೆ ಅದು ಮುಂದಕ್ಕೆ ಕೂದಲೆಳೆಯಷ್ಟು ವಾಲುತ್ತದೆ, ಅದು ಸಹಜ. ಆಗ ಹೂವಿನ ಕೆಳಗಿನಿಂದ ಪಿಚ್ ಎಂದು ಒಂದು ಸಣ್ಣ ಸದ್ದು ಬಂತು. ಹಿಂದೆಯೇ ನಿಂಬೆಯ ವಾಸನೆ. ಎಲ್ಲಿಂದ ನಿಂಬೆ ಎಂದು ನಾನು ಯೋಚಿಸಿ ಮುಗಿಸುವ ಮೊದಲೇ ಬಂಪರ್ ನನ್ನ ಮಂಡಿಗಳನ್ನು ಮುಟ್ಟಿತು.

ಗಂಟೆಯ ದಾರ ಒಂದು ಸಲ ಎಳೆದೆ. ಆರ್ಮುಗಂ ಆ ಕ್ಷಣವೇ ನಿಲ್ಲಿಸಿದ. ನಿಂತ ಹೊಡೆತಕ್ಕೆ ಕಾರು ಇನ್ನೊಂದು ಸಲ ಉರುಳಿ ನನ್ನ ಎರಡೂ ಕಾಲುಗಳನ್ನು ಮಂಡಿಯ ಬಳಿ ಗೋಡೆಗೆ ಒತ್ತಿ ಹಿಡಿಯಿತು. ತಲೆಯೆತ್ತಿ ನೋಡಿದೆ. ಮೇಲಿನ ಮನೆಯ ನೆಲವನ್ನು ಹೊತ್ತ ಕಾಂಕ್ರೀಟ್ ತೊಲೆ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡು ನನ್ನ ನೆತ್ತಿಯಿಂದ ಒಂದು ಗೇಣು ಮೇಲಿತ್ತು. ಪರೀಕ್ಷೆಯ ದಿನಗಳಲ್ಲಿ ಮಾಡುತ್ತಿದ್ದಂತೆ ಮುಂದಕ್ಕೆ ಸರಿದು ನಿಂತರೆ ತೊಲೆ ತಾಗುತ್ತಿರಲಿಲ್ಲ. ಈಗ ಸರಿಯುವಂತಿಲ್ಲ. ಪ್ಲಾಟ್‌ಫಾರ್ಮ್ ಏರಿದರೆ ತಲೆ ಹೋಗುತ್ತದೆ. ಇಳಿದರೆ ಬಂಪರ್ ಒತ್ತಿ ಹಿಡಿದ ಕಾಲುಗಳನ್ನು ಗೋಡೆ ಉಜ್ಜಿ ಸುಲಿಯುತ್ತದೆ.

"ಆರ್ಮುಗಂ, ಏನೂ ಮಾಡ್ಬೇಡ" ಎಂದು ಕೂಗಿದೆ.

"ಏನೂ ಮಾಡಲ್ಲ ಸಾರ್. ಬ್ರೇಕ್ ಮೇಲೇ ಕೂತಿದೀನಿ" ಎಂದು ಮೇಲಿಂದ ದನಿ ಬಂತು.

ನೋವು ಇನ್ನೂ ಶುರುವಾಗಿರಲಿಲ್ಲ. ಮೊದಲು ಬಂದದ್ದು ಪೆಟ್ರೋಲಿನ ವಾಸನೆ. ತುಳುಕುವಷ್ಟು ತುಂಬಿದ್ದ ಟ್ಯಾಂಕು, ಸಡಿಲ ಮುಚ್ಚಳ. ಕಾರು ಕುಲುಕಿದಾಗ ಚೆಲ್ಲಿತ್ತು. ಹಿಂದೆಲ್ಲೋ ಉಕ್ಕಿನ ಹಲಗೆಯ ಮೇಲೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಮೋಟಾರಿನ ಅಥವಾ ಸ್ವಿಚ್ಚಿನ ಒಂದು ಕಿಡಿ ಸಾಕು ಎನ್ನಿಸಿ ಮೇನ್ ಆಫ್ ಮಾಡಿ ಎಂದು ಅರಚಿದೆ. ಯಾರೋ ಮಾಡಿದರು. ಶಾಫ್ಟಿನ ಬಲ್ಬು ಆರಿತು. ಕತ್ತಲೆಯಲ್ಲಿ ಉಳಿದದ್ದು ಒಂದೇ ಬೆಳಕು, ಕಾರಿನೊಳಗೆ ದೊಡ್ಡತಾಯಮ್ಮನವರ ಮಡಿಲಲ್ಲಿ ಉರಿಯುತ್ತಿದ್ದ ಹಣತೆ. ಆ ಬೆಳಕಿನಲ್ಲಿ ಅವರ ಮುಖ, ಮೂಗುಬೊಟ್ಟು ನನಗೆ ಮುಂದಿನ ಗಾಜಿನ ಮೂಲಕ ಚೆನ್ನಾಗಿ ಕಾಣುತ್ತಿದ್ದವು. ಇಂದಿಗೂ ಕಾಣುತ್ತವೆ.

ಕಿಟಕಿಯ ಗಾಜುಗಳು ಸೆಕೆಗೆಂದು ಅರ್ಧ ಇಳಿದಿದ್ದವು.

"ಅಮ್ಮಾ, ಪೆಟ್ರೋಲ್ ಸೋರ್ತಿದೆ. ದೀಪ ಆರಿಸಿಬಿಡಿ."

"ಅಂಗನ್ಬೇಡ. ದೀಪಕ್ಕೆ ಆ ಮಾತು ಆಡಬಾರದು."

"ಹೊತ್ತಿಕೊಂಡ್ರೆ ಇಬ್ರೂ ಉಳಿಯಲ್ಲಮ್ಮ."

"ನಮ್ಮತ್ತೆ ಕೈಲಿ ಈಸ್ಕೊಂಡ ದೀಪ ಇದು. ಮನೆಗೆ ಓಗೋ ಮುಂಚೆ ಕಣ್ಮುಚ್ಚಿದ್ರೆ ಆ ಮನೇಲಿ ಬಾಳಾದು ಎಂಗೆ?"

ಮೇಲಿನ ಮನೆಯ ನೆಲದ ಅಂಚಿನಲ್ಲಿ ಮುನಿಬೈರಪ್ಪ ಹೊಟ್ಟೆಯ ಮೇಲೆ ಮಲಗಿ ಶಾಫ್ಟಿನೊಳಕ್ಕೆ ಬಗ್ಗಿದ್ದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. "ಅವ್ವಾ, ಇಂಜಿನಿಯರ್ ಏಳ್ದಂಗೆ ಕೇಳವ್ವ" ಎಂದರು. "ಮನೆ ಓದ್ರೆ ಓಗ್ಲಿ, ಇನ್ನೊಂದು ಕಟ್ತೀನಿ."

ದೊಡ್ಡತಾಯಮ್ಮ ಅಲುಗಲಿಲ್ಲ. ಹಟ ಎಂದು ಆಗ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಹಾಗನ್ನಿಸುವುದಿಲ್ಲ. ಆ ದೀಪ ಆರಿದರೆ ಮಗನ ಮನೆ ಆರುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ನಾನು ಪೆಟ್ರೋಲಿನ ಆವಿಯನ್ನು ನಂಬಿದಷ್ಟೇ ಗಟ್ಟಿಯಾಗಿ. ಆವಿ ಕಾರಿನೊಳಕ್ಕೆ ಎಷ್ಟು ಬಂದಿದೆ ಎಂದು ತಿಳಿಯುವ ದಾರಿಯಿರಲಿಲ್ಲ. ಬತ್ತಿಯ ಜ್ವಾಲೆಯನ್ನೇ ನೋಡುತ್ತಾ ನಿಂತಿದ್ದೆ. ಅದು ಒಂದಿಷ್ಟು ನೀಲಿಗೆ ತಿರುಗಿದಂತೆ ಕಂಡರೂ ಆವಿ ಒಳಗೆ ಬಂತೆಂದುಕೊಳ್ಳುತ್ತಿದ್ದೆ. ಓಡುವಂತಿಲ್ಲ, ಕುಸಿಯುವಂತಿಲ್ಲ. ಕುಸಿಯಲೂ ಮಂಡಿ ಮಡಿಸಬೇಕು.

ಆಗ ನನ್ನ ಬಾಯಿಂದ ಏನೋ ಸದ್ದು ಹೊರಟಿರಬೇಕು. ಅವರು ಮುಂದಕ್ಕೆ ಬಾಗಿ ನನ್ನನ್ನು ನೋಡಿದರು.

"ಕಾಲು ಸಿಕ್ಕೊಂಡೈತಾ ಮಗ?"

"ಹೌದಮ್ಮ."

"ಮದ್ವೆ ಆಗೈತಾ?"

"ಮೊನ್ನೆ ಆಯ್ತು."

"ಎಂಡ್ರು ಈಗ ಏನ್ ಮಾಡ್ತಿರ್ತಾಳೆ?"

ಯಾಕೆ ಕೇಳುತ್ತಾರೆಂದು ತಿಳಿಯಲಿಲ್ಲ. ಶುಕ್ರವಾರ, ತಲೆಗೆ ನೀರು ಹಾಕಿಕೊಂಡು ದೇವರ ಮುಂದೆ ದೀಪ ಹಚ್ಚಿರುತ್ತಾಳೆ ಎಂದೆ.

ಅವರು ಹಣತೆಯನ್ನು ಮುಖದ ಹತ್ತಿರಕ್ಕೆ ಎತ್ತಿ ನೋಡಿದರು. ಆಮೇಲೆ, "ಅದು ಉರೀಲಿ" ಎಂದರು. ತುರುಬಿನಿಂದ ಒಂದು ಹೂ ತೆಗೆದು, ಕಣ್ಣಿಗೊತ್ತಿಕೊಂಡು, ಬತ್ತಿಯ ಮೇಲಿಟ್ಟು ಅದುಮಿದರು.

ಕತ್ತಲಾಯಿತು. ಸುಟ್ಟ ಬತ್ತಿಯ, ಬಾಡಿದ ಹೂವಿನ ವಾಸನೆ ಬಂತು. ಹಿಂದೆಯೇ ಕತ್ತಲೆಯಲ್ಲಿ ಅವರು ಅಳುವುದು ಕೇಳಿಸಿತು. ಸದ್ದು ಮಾಡಿ ಅತ್ತದ್ದಲ್ಲ, ಮೂಗೆಳೆದುಕೊಂಡದ್ದು. ನೋವು ನನಗೆ ಶುರುವಾದದ್ದು ಆಗ.

ಬಿಡಿಸುವ ದಾರಿ ಒಂದೇ ಇತ್ತು. ಮೊದಲು ಕಾರು ಹಿಂದಕ್ಕೆ ಸರಿಯಬೇಕು, ಆಮೇಲೆ ಪ್ಲಾಟ್‌ಫಾರ್ಮ್ ಇಳಿಯಬೇಕು. ಬೀದಿಯ ಕಡೆಯ ಶಟರಿನ ಮೇಲಂಚಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಒಂದಡಿಯಷ್ಟು ಸಂದು ಉಳಿದಿತ್ತು. ಅಲ್ಲಿಂದ ಹಿಂದಿನ ಬಂಪರಿಗೆ ಹಗ್ಗ ಕಟ್ಟಿ ಎಳೆಯಿರಿ ಎಂದು ಕೂಗಿ ಹೇಳಿದೆ. ಸರಪಳಿ ಬೇಡ, ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ನೂಲಿನದೋ ನಾರಿನದೋ ಹಗ್ಗವೇ ಬೇಕು. ಹೊಸ ಕಟ್ಟಡದಲ್ಲಿ ಹಗ್ಗವೆಲ್ಲಿ? ಕಡೆಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಹಸುವಿನ ಹಗ್ಗ ಬಿಚ್ಚಿದರು. ಮುನಿಬೈರಪ್ಪ ಮೇಲಿಂದ ಓಡಿ ಬಂದು, ಏಣಿ ಹತ್ತಿ, ಸಂದಿನಲ್ಲಿ ತೋಳು ತೂರಿಸಿ, ಕಾಣದ ಕಡೆ ಕೈಯಾಡಿಸಿ ಗಂಟು ಹಾಕಿದರು. ಅರವತ್ತರ ಹತ್ತಿರದ ಮನುಷ್ಯ. ಎತ್ತಿಗೆ ನೊಗ ಕಟ್ಟಿದ ಕೈ, ಗಂಟು ಜಾರಲಿಲ್ಲ.

"ಎಲ್ಲಾ ಒಟ್ಟಿಗೆ ಎಳೀರಪ್ಪ. ಜಗ್ಗಬೇಡಿ, ಒತ್ತಿ ಎಳೀರಿ" ಎಂದು ಅವರು ಹೇಳುವುದು ಕೇಳಿಸಿತು.

ಕಾರು ನಾಲ್ಕು ಬೆರಳು ಹಿಂದೆ ಸರಿಯಿತು. ಅಷ್ಟು ಸಾಕಾಯಿತು. ಕಾಲುಗಳನ್ನು ಎಳೆದುಕೊಂಡು ಬಾನೆಟ್ಟಿನ ಮೇಲೆ ಬೋರಲಾಗಿ ಬಿದ್ದೆ. ಆರ್ಮುಗಂ ವಿಂಚಿನ ಕೈಹಿಡಿಕೆ ತಿರುಗಿಸಿ, ಗಾಲಿಯ ಒಂದೊಂದೇ ಹಲ್ಲಿನಂತೆ, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ನಮ್ಮನ್ನು ಇಳಿಸಿದ. ನಾನು ಗಾಜಿಗೆ ಕೆನ್ನೆ ಒತ್ತಿಕೊಂಡಿದ್ದೆ. ಒಳಗಿನಿಂದ ದೊಡ್ಡತಾಯಮ್ಮ ಅದೇ ಜಾಗಕ್ಕೆ ಅಂಗೈ ಇಟ್ಟಿದ್ದರು. ಎಷ್ಟು ಹೊತ್ತು ಹಿಡಿಯಿತೋ ನಾನು ಹೇಳಲಾರೆ. ಬೆಳಕಿಗೆ ಬಂದಾಗ ರಾಹುಕಾಲ ಶುರುವಾಗಿತ್ತು. ಅವರು ಆ ದಿನ ಹೊಸ ಮನೆಗೆ ಹೋಗಲಿಲ್ಲ. ಆರಿದ ಹಣತೆ ಇಟ್ಟುಕೊಂಡು ಅಲ್ಲಾಳಸಂದ್ರಕ್ಕೆ ವಾಪಸಾದರು.

ಮೂಳೆ ಮುರಿದಿರಲಿಲ್ಲ. ಕೆಲವು ವಾರ ಕುಂಟಿ ನಡೆದೆ. ಆದರೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಮಂಡಿಗೆ ಏನೋ ತಾಗುತ್ತಿತ್ತು. ನನ್ನಾಕೆ ಮಗ್ಗುಲು ಬದಲಿಸಿದರೂ ಬೆಚ್ಚಿ ಏಳುತ್ತಿದ್ದೆ. ಸೊಳ್ಳೆಪರದೆಯೊಳಗೆ ಉಸಿರು ಕಟ್ಟುತ್ತಿತ್ತು. ಅಡುಗೆಗೆ ನಿಂಬೆ ಹಿಂಡಿದ ದಿನ ಮನೆಯಿಂದಾಚೆ ಹೋಗಿ ನಿಲ್ಲುತ್ತಿದ್ದೆ. ಅವಳು ಏನೂ ಕೇಳದೆ ನಿಂಬೆ ತರುವುದನ್ನೇ ಬಿಟ್ಟಳು.

ಆ ಲಿಫ್ಟನ್ನು ಕಳಚಿಬಿಡೋಣ ಎಂದು ಮುನಿಬೈರಪ್ಪ ನಮ್ಮ ಕಾರ್ಖಾನೆಗೆ ಬಂದು ಹೇಳಿದರು. ಬೇಡ ಎಂದವರು ಅವರ ತಾಯಿಯೇ. "ಒಂದ್ಸಲ ಎದರಿದ ಎತ್ತು ಕೊಟ್ಟಿಗೆಗೆ ಓಗೋದು ಬಿಡ್ತದಾ?" ಎಂದರಂತೆ. ಹಾಗಾಗಿ ನಾನು ಮತ್ತೆ ಅಲ್ಲಿಗೆ ಹೋಗಬೇಕಾಯಿತು. ಗಂಟೆಯ ದಾರವನ್ನು ಪ್ಲಾಟ್‌ಫಾರ್ಮಿನಿಂದ ತೆಗೆದು ಶಾಫ್ಟಿನ ಹೊರಗೆ ಹಾಕಿಸಿದೆ. ಇನ್ನು ಮುಂದೆ ಯಾರೂ ಒಳಗೆ ನಿಲ್ಲಬೇಕಾಗಿಲ್ಲ. ಬೆಣೆಗಳನ್ನು ಹೊಸದಾಗಿ ಮಾಡಿಸಿದೆ. ಹೊನ್ನೆ ಮರದ ದಪ್ಪ ಬೆಣೆ, ಪ್ರತಿಯೊಂದರ ನೆತ್ತಿಯಲ್ಲೂ ಬಟ್ಟಲಿನಂತೆ ಒಂದು ಗುಳಿ. ಆರ್ಮುಗಂ ಅದನ್ನು ತಿರುಗಿಸಿ ನೋಡಿ, "ಇದು ಏನಕ್ಕೆ ಸಾರ್?" ಎಂದ. ನಿಂಬೆಹಣ್ಣಿಗೆ ಎಂದೆ. ಹಣ್ಣು ಗುಳಿಯಲ್ಲಿ ಕೂರುತ್ತದೆ, ಚಕ್ರಕ್ಕೆ ತಾಗುತ್ತದೆ, ಬೆಣೆ ತೆಗೆಯಬೇಕಾಗಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿದೆ. ನಾನು ಒಪ್ಪಿಸಿದ ಪ್ರತಿ ಸರಕು ಲಿಫ್ಟಿನ ಜೊತೆಗೂ ಅಂಥ ಬೆಣೆಗಳನ್ನೇ ಕೊಟ್ಟೆ. ಕಾಲೇಜಿನಲ್ಲಿ ನಮಗೆ ಭಾರದ ಲೆಕ್ಕ ಕಲಿಸಿದ್ದರು. ಯಂತ್ರವನ್ನು ಬಳಸುವವರು ಅದರ ಬಳಿ ಏನನ್ನು ತರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಬೇಕೆಂಬುದನ್ನು ಕೆಲಸ ಕಲಿಸಿತು. ಅವರು ತರುವುದನ್ನು ಬೇಡವೆಂದರೆ ಹೋಗುವುದಿಲ್ಲ, ನಮ್ಮ ಕಣ್ಣು ತಪ್ಪಿಸಿ ಬರುತ್ತದೆ. ಅದಕ್ಕೊಂದು ಜಾಗ ಮಾಡಿಕೊಡುವುದೇ ಕ್ಷೇಮ. ಹೂವಿನ ಹಾರ ಕಂಡರೆ ಇಂದಿಗೂ ಸರಿಸಿ ಕೆಳಗೇನಿದೆ ಎಂದು ಮುಟ್ಟಿ ನೋಡುತ್ತೇನೆ.

ಅದೇ ವರ್ಷದ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಮತ್ತಿಕೆರೆಯ ನಮ್ಮ ಮನೆಯ ಮುಂದೆ ಆ ಅಂಬಾಸಡರ್ ನಿಂತಿತು. ಮುನಿಬೈರಪ್ಪ ತಾಯಿಯ ಕೈಹಿಡಿದು ಇಳಿಸಿದರು. ದೊಡ್ಡತಾಯಮ್ಮ ಒಳಗೆ ಬಂದು ನನ್ನ ಮಂಡಿಗಳನ್ನು ಮುಟ್ಟಿ ನೋಡಿದರು. ಆಮೇಲೆ ನನ್ನಾಕೆಯ ಕಡೆ ತಿರುಗಿದರು.

"ಆವತ್ತು ದೀಪ ಅಚ್ಚಿದ್ದೆ ಅಂದ್ನಲ್ಲ ನಿನ್ ಗಂಡ. ಎಲ್ಲೈತೆ ತೋರ್ಸವ್ವ."

ಅವಳು ಅಡುಗೆಮನೆಯ ಗೂಡು ತೋರಿಸಿದಳು. ಅಲ್ಲಿ ಬೆಳಗಿನ ದೀಪ ಉರಿಯುತ್ತಿತ್ತು. ಅಜ್ಜಿ ಮಡಿಲಿನಿಂದ ಅದೇ ಹಣತೆ ತೆಗೆದರು. ಹೊಸ ಬತ್ತಿ, ಹೊಸ ಎಣ್ಣೆ. ನಮ್ಮ ದೀಪಕ್ಕೆ ತಾಗಿಸಿ ಹೊತ್ತಿಸಿಕೊಂಡರು. "ಇಲ್ಲಿಗೆ ಓಗು ಅಂತ ಕಳ್ಸಿದ್ದೆ ಆವತ್ತು. ಈಗ ಈಸ್ಕೊಂಡು ಓಗಕ್ಕೆ ಬಂದೆ" ಎಂದರು.

ಈ ಸಲ ಟ್ಯಾಂಕು ಅರ್ಧ ಖಾಲಿ. ಹಣತೆಗೆ ಗಾಜಿನ ಚಿಮಣಿ. ಯಶವಂತಪುರದಲ್ಲಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ದೀಪದ ಸಮೇತ, ಮುನಿಬೈರಪ್ಪನೂ ಆರ್ಮುಗಂನೂ ಮೆಟ್ಟಿಲ ಮೇಲೆ ಹೊತ್ತೊಯ್ದರು. ಕಾರು ಯಾರನ್ನೂ ಕೂರಿಸಿಕೊಳ್ಳದೆ, ಬೆಣೆಗಳ ಗುಳಿಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು, ಶಾಫ್ಟಿನಲ್ಲಿ ಏರಿತು. ಗಂಟೆಯ ದಾರ ನಾನೇ ಎಳೆದೆ. ಕಾರನ್ನು ನೂಕಿ ನಡುಮನೆಯ ಪಕ್ಕದ ಅಂಕಣದಲ್ಲಿ ನಿಲ್ಲಿಸಿದಾಗ ಅಜ್ಜಿ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, ಬಿಸಿಯಿದೆಯೇ ಎಂದು ನೋಡಿ, "ಆಯ್ತು, ಮಲಿಕ್ಕೊ" ಎಂದರು.

ಆ ರಾತ್ರಿ ನಾನು ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ಹಾಸಿಗೆಗೆ ಬಂದಿತ್ತು. ಅಡುಗೆಮನೆಯಲ್ಲಿ ನನ್ನಾಕೆ ಚಿತ್ರಾನ್ನಕ್ಕೆ ನಿಂಬೆ ಹಿಂಡುತ್ತಿದ್ದಳು.